ಮುಗ್ಗೆರೆಯ ಮೂಲೆ ಮತ್ತು ಪುಂಡಲೀಕಪ್ಪ ಮಾಸ್ತರರು

ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಚಿತ್ರಕಲೆಯೆಂದರೆ ಶನಿವಾರದ ಕೊನೆಯ ತಾಸಿನಲ್ಲಿ, ಮಾಸ್ತರರಿಗೆ ಬೇರೆ ಕೆಲಸವಿಲ್ಲದಿದ್ದರೆ, ಹುಡುಗರಿಂದ ಬದನೆಕಾಯಿ ಬರೆಯಿಸುವುದು ಎಂದು ತಿಳಿದಿದ್ದ ಕಾಲವೊಂದಿತ್ತು. ಆ ವಿಷಯವನ್ನು ಬದನೆಕಾಯಿಯಿಂದ ಬಿಡಿಸಿ, ಗಣಿತ ಮತ್ತು ಇತಿಹಾಸಗಳ ಸಾಲಿನಲ್ಲಿ ಮರ್ಯಾದೆಯಿಂದ ಕೂಡಿಸಿ, ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಒಂದು ತಲೆಮಾರಿನ ಮಕ್ಕಳಿಗೆ ಕಟ್ಟಡವನ್ನು ಕಣ್ಣೆತ್ತಿ ನೋಡುವ ಚಟ ಹಚ್ಚಿದವರು ಶ್ರೀಮಾನ್ ಪುಂಡಲೀಕಪ್ಪ ಮಾಸ್ತರರು. ಮೂವತ್ತೆರಡು ವರ್ಷಗಳ ಸೇವೆಯ ನಂತರ ಈ ಜೂನಿನಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಶಿಸ್ತು, ಅವರ ಶುಭ್ರವಾದ ರುಮಾಲು, ಅವರ ಬಾಯಿಗೆ ಸಿಕ್ಕವರ ಪಾಡು, ಇವನ್ನೆಲ್ಲ ಬರೆಯಲು ಯೋಗ್ಯರಾದ ಮಹನೀಯರು ಈ ಸಂಪುಟದಲ್ಲಿ ಬೇಕಾದಷ್ಟು ಜನ ಇದ್ದಾರೆ. ಹದಿನೈದು ವರ್ಷ ಅವರ ಪಕ್ಕದ ಕೋಣೆಯಲ್ಲಿ ಭೂಗೋಳ ಕಲಿಸಿ, ನಡುವಿನ ತೆಳುವಾದ ಹಲಗೆಗೋಡೆಯ ಕೃಪೆಯಿಂದ ಭೂಗೋಳಕ್ಕಿಂತ ಚಿತ್ರಕಲೆಯನ್ನೇ ಹೆಚ್ಚು ಕಲಿತ ಈ ಲೇಖಕನ ಪಾಲಿಗೆ ಬಂದದ್ದು ಅವರ ಪುಸ್ತಕದ ಐದು ಸಾಲು ಮಾತ್ರ. ಆ ಐದು ಸಾಲಿಗಾಗಿ ಅವರು ಬಿಟ್ಟುಕೊಟ್ಟದ್ದು ಸಣ್ಣದಲ್ಲವಾದ್ದರಿಂದ ಸಂಗತಿಯನ್ನು ಸಾವಕಾಶವಾಗಿಯೇ ಹೇಳಬೇಕಾಗಿದೆ.

ಹೊಂಬಳದ ಒಕ್ಕಲು ಮನೆತನದ ಕುಬೇರಪ್ಪನವರ ಎರಡನೆಯ ಮಗನಾಗಿ ಹುಟ್ಟಿದ ಮಾಸ್ತರರು, ಕುಂಟೆ ಹಿಡಿಯಬೇಕಾದ ಕೈಯಲ್ಲಿ ಇದ್ದಲಿ ಹಿಡಿದು ಮನೆಯ ಗೋಡೆಗಳನ್ನೆಲ್ಲ ಕೆಡಿಸಿ, ಅದಕ್ಕೆ ತಕ್ಕಷ್ಟು ಬೈಸಿಕೊಂಡು, ಕೊನೆಗೆ ಮುಂಬಯಿಯ ಕಲಾಶಾಲೆಗೆ ಹೋದರು. ಅಲ್ಲಿ ಗ್ರೀಕರ ಗುಡಿಯೊಂದರ ಮೇಲ್ಭಾಗವನ್ನು ಗಚ್ಚಿನಲ್ಲಿ ಅಚ್ಚು ತೆಗೆದು ಇಟ್ಟಿದ್ದರು. ಕಂಬಗಳ ಮೇಲೆ, ಸೂರಿನ ಕೆಳಗೆ, ಗುಡಿಯ ಸುತ್ತಲೂ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಇಷ್ಟಿಷ್ಟು ದೂರಕ್ಕೊಂದು ನಿಂತ ಕಲ್ಲಿನ ಹಲಗೆ. ಒಂದೊಂದು ಹಲಗೆಯ ಮೇಲೂ ನೆಟ್ಟಗೆ ಕೆಳಗಿಳಿದ ಮೂರು ಗೀರು. ಇದಕ್ಕೆ ಗ್ರೀಕರ ಹೆಸರು ಟ್ರೈಗ್ಲಿಫ್. ಟ್ರೈ ಎಂದರೆ ಮೂರು, ಗ್ಲಿಫ್ ಎಂದರೆ ಕೊರೆದದ್ದು. ಹೆಸರಿನ ಅರ್ಥವೇನೋ ಇಷ್ಟು ಸರಳ. ಆದರೆ ಈ ಹಲಗೆ ಅಲ್ಲಿ ಯಾಕೆ ಬಂದು ನಿಂತಿತು ಎಂದು ಹೊಂಬಳದ ಹುಡುಗ ಕೇಳಿದಾಗ ಅವನ ಗುರುಗಳು ಒಂದು ಹಳೆಯ ಮಾತು ಹೇಳಿದರು. ಗ್ರೀಕರ ಗುಡಿಗಳು ಮೊದಲು ಮರದವಾಗಿದ್ದವಂತೆ. ಛಾವಣಿ ಹೊತ್ತು ಗೋಡೆಯಿಂದ ಹೊರಗೆ ಬಂದ ಜಂತೆಗಳ ತುದಿಯನ್ನು ಬಡಿಗರು ಸಮನಾಗಿ ಕೊಯ್ದು, ಕೊಯ್ದ ಮುಖ ಚೆಂದ ಕಾಣಲೆಂದು ಮೇಲೊಂದು ಹಲಗೆ ಬಡಿದು ನೀಲಿ ಮೇಣ ಬಳಿಯುತ್ತಿದ್ದರಂತೆ. ಗುಡಿ ಕಲ್ಲಿನದಾದ ಮೇಲೂ ಆ ಹಲಗೆ ಕಲ್ಲಾಗಿ ಉಳಿಯಿತಂತೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಗ್ರಂಥಕಾರನೊಬ್ಬ ಬರೆದಿಟ್ಟದ್ದು ಇದು. ಮುಂಬಯಿಯಲ್ಲಿ ಜೋಳದ ರೊಟ್ಟಿ ಕಾಣದೆ ಮುಖ ಸಪ್ಪಗೆ ಮಾಡಿಕೊಂಡಿದ್ದ ಹುಡುಗನಿಗೆ ಹೊಂಬಳದ ತಮ್ಮ ಮಾಳಿಗೆ ಮನೆ ಕಣ್ಣಿಗೆ ಕಟ್ಟಿತು. ಅಲ್ಲಿಯೂ ಜಂತೆಗಳ ತಲೆ ಗೋಡೆಯ ಹೊರಗೆ ಇಣುಕುತ್ತಿದ್ದವು, ಅವುಗಳ ಸಂದಿಯಲ್ಲಿ ಗುಬ್ಬಿಗಳು ಗೂಡು ಕಟ್ಟುತ್ತಿದ್ದವು. ಅಂದಿನಿಂದ ಗ್ರೀಸ್ ದೇಶ ಅವರ ಪಾಲಿಗೆ ಹೊಂಬಳದ ಆಚೆಯ ಊರಾಯಿತು.

೧೯೨೫ರಲ್ಲಿ ಲಕ್ಷ್ಮೇಶ್ವರ, ಆಮೇಲೆ ಶಿರಹಟ್ಟಿ, ಆಮೇಲೆ ಮುಂಡರಗಿ, ೧೯೪೧ರಿಂದ ಗದಗ. ಇಷ್ಟರೊಳಗೇ ಅಡ್ಡಾಡಿದರೂ ಮಾಸ್ತರರು ಮೂರು ಸರಕಾರಗಳ ತನಿಖೆ ಎದುರಿಸಿದವರು. ಏಕೆಂದರೆ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಮುಂಡರಗಿ ಮತ್ತು ಗದಗ ಇಂಗ್ಲಿಷರ ಮುಂಬಯಿಯದು. ಮೋಟಾರಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವುದರಲ್ಲಿ ಅರಸರು ಬದಲಾಗುತ್ತಿದ್ದರು ಎಂದು ಅವರು ನಗುತ್ತಾರೆ. ಶಿರಹಟ್ಟಿಯಲ್ಲಿ ಉಡಚವ್ವನೆಂಬ ಹುಡುಗಿ ಎಡಗೈಯಲ್ಲಿ ಬರೆಯುತ್ತಿದ್ದಳು. ತನಿಖೆಗೆ ಬಂದ ಸಾಹೇಬರೊಬ್ಬರು ಆ ಕೈಯನ್ನು ಕಟ್ಟಿಹಾಕಿ ಬಲಗೈ ರೂಢಿ ಮಾಡಿಸಿರೆಂದು ಅಪ್ಪಣೆ ಕೊಟ್ಟು ಹೋದರು. ಮಾಸ್ತರರು ಹೂಂ ಎಂದರು, ಅಪ್ಪಣೆಯನ್ನು ಅಲ್ಲೇ ಮರೆತರು, ಮರುದಿನದಿಂದ ಒಂದು ತಿಂಗಳು ತಾವೂ ಕರಿಹಲಗೆಯ ಮೇಲೆ ಎಡಗೈಯಲ್ಲಿಯೇ ಬರೆದರು. ಅವರು ಬರೆದ ವರ್ತುಲವೆಲ್ಲ ಬದನೆಕಾಯಿಯಾದವು. ಆಕೆಯದು ವರ್ತುಲವಾಗಿಯೇ ಉಳಿಯಿತು. ತರಗತಿಯಲ್ಲಿ ಆಕೆಯನ್ನು ನೋಡಿ ನಗುತ್ತಿದ್ದವರು ಮಾಸ್ತರರನ್ನು ನೋಡಿ ನಗತೊಡಗಿದರು, ಅವರಿಗೆ ಬೇಕಾದದ್ದೂ ಅದೇ. ಉಡಚವ್ವನವರು ಇಂದು ಅದೇ ತಾಲೂಕಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಕಲಿಸುವ ಅಕ್ಕಾವರಾಗಿದ್ದಾರೆ.

ಮುಂಡರಗಿಯ ಶಾಲೆಯಲ್ಲಿ ಕಾಗದವಿಟ್ಟು ಬರೆಯಲು ಒಂದು ಹಲಗೆಯೂ ಇರಲಿಲ್ಲ. ಮಾಸ್ತರರು ಊರಲ್ಲಿ ಮುರಿದು ಬಿದ್ದ ಬಂಡಿಗಳ ಹಲಗೆಗಳನ್ನು ಬೇಡಿ ತಂದು, ಹರ್ತಿಯಿಂದ ಕೆಲಸಕ್ಕೆ ಬಂದಿದ್ದ ಗಾಳೆಪ್ಪ ಎಂಬ ಬಡಿಗನ ಮುಂದೆ ಸುರಿದರು. ಗಾಳೆಪ್ಪ ನಾಲ್ಕು ದಿನ ಕೂತು ನಲವತ್ತು ಬರೆಯುವ ಹಲಗೆ ಮಾಡಿದ. ಒಂದಕ್ಕೊಂದು ಕೂದಲೆಳೆಯಷ್ಟೂ ಫರಕು ಇರಲಿಲ್ಲ. ಅವನಿಗೆ ಓದು ಬರುತ್ತಿರಲಿಲ್ಲ, ಆದರೆ ಚಿತ್ರ ಓದಲು ಬರುತ್ತಿತ್ತು. ಅಂದು ಬಿದ್ದ ಗೆಳೆತನದ ಗಂಟು ಇಂದಿಗೂ ಸಡಿಲಾಗಿಲ್ಲ, ನಡುವೆ ಒಮ್ಮೆ ಸಡಿಲಾಗುವ ಪ್ರಸಂಗ ಬಂದದ್ದನ್ನು ಮುಂದೆ ಹೇಳಲಿದೆ.

ಗದಗಿಗೆ ಬಂದ ಮೇಲೆ ಮಾಸ್ತರರು ಪ್ರತಿವರ್ಷ ದೀಪಾವಳಿಯ ಸೂಟಿ ಮುಗಿದ ಮೊದಲ ಆದಿತ್ಯವಾರ ಹುಡುಗರನ್ನು ಬುತ್ತಿಯ ಸಮೇತ ಲಕ್ಕುಂಡಿಗೆ ನಡೆಸಿಕೊಂಡು ಹೋಗುತ್ತಿದ್ದರು. ಗುಡಿಯ ಸೂರಿನ ಕೆಳಗೆ ನಿಲ್ಲಿಸಿ, ಕಲ್ಲಿನಲ್ಲಿ ಮರದ ಪಟ್ಟಿಗಳಂತೆ ಕೆತ್ತಿದ್ದನ್ನು ತೋರಿಸಿ, ಕಲ್ಲಿಗೆ ಮರದ ನೆನಪು ಇರುತ್ತದೆ ಎನ್ನುತ್ತಿದ್ದರು. ಅಲ್ಲಿಂದ ನೇರವಾಗಿ ಗ್ರೀಸಿಗೆ ಹಾರಿ, ಮುಗ್ಗೆರೆಯ ಕಥೆಗೆ ಬರುತ್ತಿದ್ದರು. ಮುಗ್ಗೆರೆ ಎಂಬುದು ಟ್ರೈಗ್ಲಿಫಿಗೆ ಅವರೇ ಕಟ್ಟಿದ ಕನ್ನಡ ಹೆಸರು. ಬಡಿಗರು, ಜಂತೆ, ನೀಲಿ ಮೇಣ, ಹೊಂಬಳದ ಗುಬ್ಬಿ, ಎಲ್ಲವೂ ಕ್ರಮವಾಗಿ ಬರುತ್ತಿದ್ದವು. ತರಗತಿಯಲ್ಲಿಯೂ ಅದನ್ನೇ ಹೇಳುತ್ತಿದ್ದುದರಿಂದ, ಹಲಗೆಗೋಡೆಯಾಚೆಯಿಂದ ವರ್ಷಕ್ಕೆ ಮೂರು ಸಲ ಕೇಳಿ ಕೇಳಿ ಈ ಲೇಖಕನಿಗೂ ಅದು ಬಾಯಿಪಾಠವಾಗಿತ್ತು. ಆ ಕಥೆಯನ್ನು ಹೇಳುವಾಗ ಅವರ ದನಿಯಲ್ಲಿ ಬರುತ್ತಿದ್ದ ಸುಖ ಬೇರೆ ಯಾವ ಪಾಠದಲ್ಲೂ ಇರಲಿಲ್ಲ.

ಅವರ ಕಟ್ಟುನಿಟ್ಟು ಎಂಥದೆಂಬುದನ್ನು ಸ್ವಾತಂತ್ರ್ಯ ಬಂದ ವರ್ಷ ತಾಲೂಕೆಲ್ಲ ಕಂಡಿತು. ಹೊಸ ಧ್ವಜದ ನಡುವಿನ ಚಕ್ರಕ್ಕೆ ಎಷ್ಟು ಅರೆಗಳು, ಅಂದರೆ ಕಡ್ಡಿಗಳು, ಎಂಬುದು ಹಳ್ಳಿಗಳಿಗೆ ಇನ್ನೂ ಸರಿಯಾಗಿ ತಲುಪಿರಲಿಲ್ಲ. ಒಂದು ಊರಿನಲ್ಲಿ ಹದಿನಾರು ಬರೆದಿದ್ದರು, ಇನ್ನೊಂದರಲ್ಲಿ ಜಾಗ ಹಿಡಿಸಿದಷ್ಟು ಬರೆದಿದ್ದರು. ಮಾಸ್ತರರು ಎರಡು ವಾರ ಕೂತು ರಟ್ಟಿನಲ್ಲಿ ಇಪ್ಪತ್ತನಾಲ್ಕು ಅರೆಯ ಅಚ್ಚು ಕತ್ತರಿಸಿ ಊರೂರಿಗೆ ಕಳಿಸಿದರು. ಆಗಸ್ಟ್ ಹದಿನೈದರ ಮುಂಜಾನೆ ಎಲ್ಲರೂ ಧ್ವಜಕ್ಕೆ ಕೈಮುಗಿದು ಕಣ್ಣೀರು ತಂದುಕೊಂಡರೆ, ಮಾಸ್ತರರು ಮೊದಲು ಅರೆ ಎಣಿಸಿ, ಆಮೇಲೆ ಕಣ್ಣೀರು ತಂದುಕೊಂಡರು. ಇಂಥ ಮನುಷ್ಯ ಮೂವತ್ತು ವರ್ಷ ಒಂದು ತಪ್ಪನ್ನು ಪ್ರೀತಿಯಿಂದ ಕಲಿಸಿದ್ದರು ಎಂದರೆ ಯಾರೂ ನಂಬುವುದಿಲ್ಲ. ಅವರೇ ನಂಬಲಿಲ್ಲ.

೧೯೫೬ರಲ್ಲಿ ಅವರ ಬದುಕಿನ ಒಂದೇ ಪುಸ್ತಕ 'ಕಟ್ಟಡಕಲೆಯ ಪದಪರಿಚಯ' ಬೆಟಗೇರಿಯ ಒಂದು ಮುದ್ರಣಾಲಯದಲ್ಲಿತ್ತು. ನವೆಂಬರ್ ಒಂದಕ್ಕೆ ಕನ್ನಡ ನಾಡು ಒಂದಾಗುವುದಿತ್ತು. ಅಂದು ಶಾಲೆಯ ಸಭೆಯಲ್ಲಿ ಪುಸ್ತಕವನ್ನು ಮೇಜಿನ ಮೇಲಿಡಬೇಕು, ಆ ವಾರವೇ ಹೊಸ ರಾಜ್ಯದ ಪಠ್ಯಪುಸ್ತಕಗಳನ್ನು ಆರಿಸುವವರಿಗೆ ಕಳಿಸಬೇಕು ಎಂಬುದು ಅವರ ಆಸೆ. ಆ ವಾರ ದಾಟಿದರೆ ಆ ಸಲದ ಆಯ್ಕೆ ಮುಗಿದಂತೆ. ಮುಂದಿನ ಸಲಕ್ಕೆ ಅವರು ಸೇವೆಯಲ್ಲಿ ಇರುವುದಿಲ್ಲ. ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದು ಬೀದರಿನಿಂದ ಕೊಳ್ಳೇಗಾಲದವರೆಗಿನ ಹುಡುಗರ ಕೈಗೆ ಹೋಗುತ್ತದೆಂಬ ಉಮೇದಿನಲ್ಲಿ ಅವರ ನಡಿಗೆಯೇ ಬದಲಾಗಿತ್ತು. ಅದೇ ಉಮೇದಿನಲ್ಲಿ, ಶಾಲೆಗೆ ತಮ್ಮ ನೆನಪಿಗೊಂದು ವಸ್ತು ಇರಲೆಂದು, ಗ್ರೀಕ್ ಗುಡಿಯ ಮೇಲ್ಭಾಗದ ಒಂದು ಮರದ ಮಾದರಿ ಮಾಡಿಕೊಡಲು ಗಾಳೆಪ್ಪನಿಗೆ ಹೇಳಿದರು. ಚಿತ್ರ ಕೊಟ್ಟರು, ಮುಗ್ಗೆರೆಯೆಂದರೆ ಜಂತೆಯ ತಲೆ ಎಂದು ಕಥೆಯನ್ನೂ ಹೇಳಿದರು.

ಸೆಪ್ಟಂಬರಿನ ಒಂದು ಮುಂಜಾನೆ ಗಾಳೆಪ್ಪ ಮಾದರಿಯನ್ನು ಬಂಡಿಯಲ್ಲಿ ತಂದು ತರಗತಿಯ ಮೇಜಿನ ಮೇಲಿಟ್ಟ. ಸಾಗವಾನಿಯ ಕೆಲಸ, ಕಣ್ಣು ಕೀಳಲಾಗದಂತೆ ಇತ್ತು. ಉದ್ದದ ಎರಡು ಬದಿಗೆ ಒಂಬತ್ತೊಂಬತ್ತು ಮುಗ್ಗೆರೆ. ಅಡ್ಡದ ಎರಡು ಬದಿಗೆ ಏನೂ ಇಲ್ಲ, ಬರೀ ಬೋಳು. ಮಾಸ್ತರರು ಸುತ್ತು ಹಾಕಿ ನೋಡಿದರು, ಮುಖ ಕೆಂಪಾಯಿತು. ಕೆಲಸ ಅರ್ಧಕ್ಕೆ ಬಿಟ್ಟು ತಂದಿರುವೆಯೆಂದೂ, ವಯಸ್ಸಾದಂತೆ ಮೈಗಳ್ಳತನ ಬಂದಿದೆಯೆಂದೂ, ನಲವತ್ತು ಹುಡುಗರ ಎದುರಿಗೆ, ಪಕ್ಕದ ಕೋಣೆಯ ಭೂಗೋಳವೂ ನಿಲ್ಲುವಂತೆ ಬೈದರು. ಗಾಳೆಪ್ಪ ಹೆಗಲ ಮೇಲಿನ ವಲ್ಲಿಯಿಂದ ಮಾದರಿಯ ಧೂಳು ಒರೆಸುತ್ತ ನಿಂತಿದ್ದ. ಬೈಗುಳ ಮುಗಿದ ಮೇಲೆ ಹೇಳಿದ:

"ಮಾಸ್ತರ, ಜಂತಿ ಎರಡು ಗ್ವಾಡಿಗೆ ತಲಿ ಕೊಡ್ತಾವ್ರಿ, ಎರಡು ಗ್ವಾಡಿಗೆ ಮಗ್ಗಲಾ ಕೊಡ್ತಾವ. ಮಗ್ಗಲದಾಗ ತಲಿ ಎಲ್ಲಿಂದ ತರ್ಲಿ?"

"ಚಿತ್ರದಾಗ ನಾಕೂ ಕಡೆ ಐತಲ್ಲೋ!"

"ಚಿತ್ರದಾಗ ಐತ್ರಿ. ಮನ್ಯಾಗ ಇರೂದಿಲ್ಲ. ಮತ್ತ ಆ ಮೂಲಿ ನೋಡ್ರಿ, ಎರಡೂ ಕಡೆ ತಲಿ ಬರದೀರಿ. ಒಂದು ಜಂತಿ ಎರಡು ದಿಕ್ಕಿಗೆ ಹೆಂಗ ನೋಡತೈತಿ?"

ಮಾಸ್ತರರು ಅದನ್ನು ತೆಗೆದುಕೊಂಡು ಹೋಗು ಎಂದರು. ಗಾಳೆಪ್ಪ ಮಾದರಿಯನ್ನು ಹೊತ್ತು ಬಂಡಿಗೆ ಇಟ್ಟು, ಹಗ್ಗ ಬಿಗಿದು, ಹರ್ತಿಯ ದಾರಿ ಹಿಡಿದ. ಆ ತಾಸಿನ ಉಳಿದ ಹೊತ್ತು ನಡೆದದ್ದನ್ನು ಆಮೇಲೆ ಹುಡುಗರು ಹೇಳಿದರು: ಮಾಸ್ತರರು ಕರಿಹಲಗೆಯ ಮೇಲೆ ಒಂದು ಮೂಲೆ ಬರೆದರಂತೆ, ಅಳಿಸಿದರಂತೆ, ಮತ್ತೆ ಬರೆದರಂತೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾಸ್ತರರು ತಮ್ಮ ಮನೆಯವರಾದ ಅಮೃತವ್ವನವರಿಗೆ ನಡೆದದ್ದನ್ನೆಲ್ಲ ಹೇಳಿ, ಬಡಿಗನ ಸೊಕ್ಕನ್ನು ವರ್ಣಿಸಿದರು. ಅಮೃತವ್ವನವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಒಂದೇ ಮಾತು ಕೇಳಿದರು. "ಹೊಂಬಳದ ಮನ್ಯಾಗ ಗುಬ್ಬಿ ಎಲ್ಲಿ ಗೂಡು ಕಟ್ತಿದ್ದುವ್ರಿ? ಮುಂದಿನ ಗ್ವಾಡಿಗೋ, ಮಗ್ಗಲ ಗ್ವಾಡಿಗೋ?" ಗುಬ್ಬಿ ಮುಂದಿನ ಗೋಡೆಗೆ ಕಟ್ಟುತ್ತಿದ್ದವು, ಹಿಂದಿನ ಗೋಡೆಗೆ ಕಟ್ಟುತ್ತಿದ್ದವು. ಮಗ್ಗಲ ಗೋಡೆಯಲ್ಲಿ ಕೂಡಲು ಅವಕ್ಕೆ ಏನೂ ಇರಲಿಲ್ಲ. ಹುಟ್ಟಿದ ಮನೆಯನ್ನೇ ಸಾಕ್ಷಿಗೆ ಕರೆದು ಮೂವತ್ತು ವರ್ಷ ಪಾಠ ಹೇಳಿದವರು ಆ ಮನೆಗೆ ಒಂದು ಸುತ್ತು ಹಾಕಿ ನೋಡಿರಲಿಲ್ಲ.

ಆದಿತ್ಯವಾರ ಮಾಸ್ತರರು ಹರ್ತಿಗೆ ಹೋದರು. ಜೊತೆಗೆ ಈ ಲೇಖಕನನ್ನೂ ಕರೆದೊಯ್ದರು. ಒಬ್ಬರೇ ಹೋಗಲು ನಾಚಿಕೆಯಾಗಿತ್ತು ಎಂದು ಈಚೆಗೆ ಒಪ್ಪಿಕೊಂಡಿದ್ದಾರೆ. ಗಾಳೆಪ್ಪನ ಹೆಂಡತಿ ಫಕ್ಕೀರವ್ವ ಕಂಬಳಿ ಹಾಸಿ ಕೂಡಿಸಿ, ಚಹಾ ಕೊಟ್ಟು, ತನ್ನ ಗಂಡ ಎರಡು ದಿನ ಸರಿಯಾಗಿ ಊಟ ಮಾಡಿಲ್ಲವೆಂದು ಯಾರನ್ನೂ ಬೊಟ್ಟು ಮಾಡದೆ ಹೇಳಿದಳು. ಹುಡುಗರ ಮುಂದೆ ಬೈದದ್ದು ತಪ್ಪಾಯಿತು ಎಂದು ಮಾಸ್ತರರು ಗಾಳೆಪ್ಪನ ಕೈ ಹಿಡಿದರು. ಆ ವಯಸ್ಸಿನ, ಆ ರುಮಾಲಿನ, ಆ ಬಾಯಿಯ ಮನುಷ್ಯ ತಪ್ಪಾಯಿತು ಎಂದದ್ದನ್ನು ಕಂಡು ನಮ್ಮೆಲ್ಲರಿಗಿಂತ ಹೆಚ್ಚು ಗಾಬರಿಯಾದವನು ಗಾಳೆಪ್ಪನೇ. ಮಾತು ಬದಲಿಸಲು ಅವನು ಅವರನ್ನು ಊರಲ್ಲಿ ಕಟ್ಟುತ್ತಿದ್ದ ಒಂದು ಮನೆಗೆ ಕರೆದೊಯ್ದು ಏಣಿ ಹತ್ತಿಸಿದ. ಐವತ್ತನಾಲ್ಕು ವರ್ಷದ ಮಾಸ್ತರರು ಧೋತರ ಎತ್ತಿ ಕಟ್ಟಿ ಗೋಡೆಯ ಮೇಲೆ ನಾಲ್ಕೂ ಕಡೆ ಓಡಾಡಿ, ಜಂತೆಯ ತಲೆ ಎಣಿಸಿ, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಮೂಲೆಯಲ್ಲಿ ಜಂತೆ ಇರಲಿಲ್ಲ, ಗೋಡೆ ಮಾತ್ರ ಇತ್ತು.

ಅಲ್ಲಿಂದ ಬಂದವರೇ ಮುಂಬಯಿಯ ತಮ್ಮ ವೃದ್ಧ ಗುರುಗಳಿಗೆ ಪತ್ರ ಬರೆದರು, ಮುದ್ರಣಾಲಯಕ್ಕೆ ಹೋಗಿ ನಲವತ್ತೊಂದನೆಯ ಪುಟವನ್ನು ತಡೆಯಿರಿ ಎಂದರು. ಅಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು ಅಕ್ಬರಸಾಬರು. ಎಂಟು ದಿನ ತಡೆದರು, ಹದಿನೈದು ದಿನ ತಡೆದರು. ಮುಂಬಯಿಯಿಂದ ಉತ್ತರವಿಲ್ಲ. ಅಕ್ಟೋಬರ್ ಬಂತು, ಊರೆಲ್ಲ ಏಕೀಕರಣದ ಸಡಗರ. ಒಂದು ದಿನ ಅಕ್ಬರಸಾಬರು ಮಾಸ್ತರರನ್ನು ಕರೆಸಿಕೊಂಡು, ಕಟ್ಟಿಟ್ಟ ಪುಟಗಳನ್ನು ತೋರಿಸಿ ಹೇಳಿದರು. "ನನ್ನ ಮೊಳಿ ಕೇಸಿನ್ಯಾಗಿನ ಕ ಎಲ್ಲಾ ನಿಮ್ಮ ಪುಟದಾಗ ಸಿಕ್ಕೊಂಡಾವ್ರಿ. ಕರ್ನಾಟಕದ ಹ್ಯಾಂಡಬಿಲ್ಲಿಗೆ ಕ ಇಲ್ಲದ ಕುಂತೀನಿ. ಇವತ್ತ ಒತ್ತಿದ್ರ ಒತ್ತೂಣು, ಇಲ್ಲಂದ್ರ ಬಿಚ್ಚಬೇಕಾಕ್ಕೈತಿ. ಬಿಚ್ಚಿದ್ರ ಒಂದನೇ ತಾರೀಖಿಗೆ ಪುಸ್ತಕ ಆಗೂದಿಲ್ರಿ."

ಒತ್ತಿಬಿಡಬಹುದಿತ್ತು. ಯಾರು ಕೇಳುತ್ತಿದ್ದರು? ರೋಮಿನ ಗ್ರಂಥಕಾರ ಹೇಳಿದ್ದನ್ನು ಗದಗಿನ ಡ್ರಾಯಿಂಗ್ ಮಾಸ್ತರ ಹೇಳಿದರೆ ತಪ್ಪೆನ್ನುವವನು ಈ ನಾಡಿನಲ್ಲಿ ಒಬ್ಬನೇ ಇದ್ದ, ಅವನಿಗೆ ಓದು ಬರುತ್ತಿರಲಿಲ್ಲ. ಮಾಸ್ತರರು ಪುಟ ಕಟ್ಟುವ ಕಲ್ಲಿನ ಮೇಲೆ ಬಿಗಿದಿಟ್ಟ ಪುಟದ ಮೇಲೆ ಅಂಗೈ ಇಟ್ಟುಕೊಂಡು ನಿಂತರು. ಸೀಸದ ತಣ್ಣನೆಯ ಮೊಳೆಗಳಲ್ಲಿ ಅವರ ಮೂವತ್ತು ವರ್ಷದ ಪಾಠ ತಿರುವುಮುರುವಾಗಿ ಇತ್ತು. ಆಮೇಲೆ ಕೈ ತೆಗೆದು, "ಬಿಚ್ಚ್ರಿ ಅಕ್ಬರಸಾಬ್ರ," ಎಂದರು.

ನವೆಂಬರ್ ಒಂದರಂದು ಗದಗಿನ ಬೀದಿಗಳಲ್ಲಿ ಹಾರಾಡಿದ ಹ್ಯಾಂಡಬಿಲ್ಲುಗಳಲ್ಲಿ ಅವರ ಪುಸ್ತಕದ ಕ ಇದ್ದವು. ಸಭೆಯ ಮೇಜಿನ ಮೇಲೆ ಪುಸ್ತಕ ಇರಲಿಲ್ಲ. ಅದರ ಜಾಗದಲ್ಲಿ ಹರ್ತಿಯಿಂದ ಮರಳಿ ಬಂದ ಮಾದರಿ ಇತ್ತು. ಉತ್ಸಾಹಿಗಳೊಬ್ಬರು ಭಾಷಣ ಮಾಡುತ್ತ, ನಾಡಿನ ಭಾಗಗಳು ಕೂಡಿದಂತೆ ಈ ಗುಡಿಯ ಮೂಲೆಯಲ್ಲಿ ಎರಡು ಗೋಡೆ ಕೂಡಿವೆ ಎಂದು ಹೋಲಿಕೆಗೆ ಇಳಿದಾಗ, ಮಾಸ್ತರರು ಕುರ್ಚಿಯಲ್ಲಿಯೇ ಕುಳಿತು, ಅದು ಬರೀ ಮೂಲೆ ಎಂದು ತಿದ್ದಿದರು. ಸಭೆ ನಕ್ಕಿತು. ಅಂದು ಅವರ ಮುಖದಲ್ಲಿ ಬೇಸರ ಹುಡುಕಿದವರಿಗೆ ಅದು ಸಿಗಲಿಲ್ಲ.

ಮುಂಬಯಿಯ ಗುರುಗಳ ಪತ್ರ ಆ ತಿಂಗಳ ಕೊನೆಗೆ ಬಂತು. ಈ ಪ್ರಶ್ನೆಗೆ ಪಶ್ಚಿಮದ ಪಂಡಿತರು ನೂರು ವರ್ಷದಿಂದ ಬಡಿದಾಡುತ್ತಿದ್ದಾರೆ, ಕೆಲವರು ಅದು ಜಂತೆಯ ತಲೆಯಲ್ಲ, ಹಳೆಯ ಕಿಟಕಿಗಳ ನಡುವಿನ ಕಂಬವೆನ್ನುತ್ತಾರೆ, ಮೂಲೆಯ ತೊಡಕನ್ನು ಎಲ್ಲರೂ ಒಪ್ಪುವಂತೆ ಬಿಡಿಸಿದವರಿಲ್ಲ, ಅಂದು ನಿನಗೆ ಇಷ್ಟೆಲ್ಲ ಹೇಳದೆ ಬಿಟ್ಟೆ, ಕ್ಷಮಿಸು ಎಂದು ಆ ಹಿರಿಯರು ಬರೆದಿದ್ದರು. ಮಾಸ್ತರರು ಪತ್ರವನ್ನು ಹರ್ತಿಗೆ ಒಯ್ದು, ಕನ್ನಡ ಮಾಡಿ ಓದಿ ಹೇಳಿದರು. ನೂರು ವರ್ಷ ಅಂದರೆ ಬಹಳಾಯಿತು, ಅಷ್ಟರೊಳಗೆ ಒಬ್ಬ ಬಡಿಗನನ್ನಾದರೂ ಕೇಳಬೇಕಿತ್ತು ಎಂಬುದು ಗಾಳೆಪ್ಪನ ಅಭಿಪ್ರಾಯ.

ಪುಸ್ತಕ ಜನೆವರಿಯಲ್ಲಿ ಹೊರಬಂತು. ಆಯ್ಕೆಯ ಸಮಯ ಮುಗಿದಿತ್ತು. ಅದು ಬೀದರಿಗೂ ಹೋಗಲಿಲ್ಲ, ಕೊಳ್ಳೇಗಾಲಕ್ಕೂ ಹೋಗಲಿಲ್ಲ, ಬಹುತೇಕ ನಮ್ಮ ನಾಲ್ಕು ಊರುಗಳಲ್ಲಿಯೇ ಉಳಿಯಿತು. ಅದರ ನಲವತ್ತೊಂದನೆಯ ಪುಟದಲ್ಲಿ ಈ ಸಾಲುಗಳಿವೆ: "ಮುಗ್ಗೆರೆ: ಗ್ರೀಕರ ಗುಡಿಗಳ ಸೂರಿನ ಕೆಳಗೆ ಕಾಣುವ, ಮೂರು ಗೀರುಗಳ ಕಲ್ಲಿನ 'ಟ್ರೈಗ್ಲಿಫ್'. ಇದು ಮರದ ಜಂತೆಯ ತಲೆಯ ನೆನಪೆಂದು ಹಳೆಯ ಗ್ರಂಥಕಾರರ ಮಾತು. ಜಂತೆ ಎರಡು ಗೋಡೆಗೆ ಮಾತ್ರ ತಲೆ ಕೊಡುವಾಗ ಇದು ನಾಲ್ಕು ಗೋಡೆಗೂ ಮೂಲೆಗೂ ಹೇಗೆ ಬಂತೆಂದು ಹರ್ತಿಯ ಗಾಳೆಪ್ಪ ಬಡಿಗೇರರು ಕೇಳುತ್ತಾರೆ. ಉತ್ತರ ಈ ಗ್ರಂಥಕರ್ತನಿಗೆ ತಿಳಿದಿಲ್ಲ." ಮಾಸ್ತರನಾದವನು ತನಗೆ ತಿಳಿದಿಲ್ಲವೆಂದು ಅಚ್ಚು ಹಾಕಿಸಿದ್ದನ್ನು ಈ ಲೇಖಕ ಬೇರೆಲ್ಲಿಯೂ ಕಂಡಿಲ್ಲ, ಹಾಗೆ ಬರೆಯುವ ಧೈರ್ಯ ತನಗೂ ಇಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತಾನೆ.

ಕಳೆದ ಮಾರ್ಚಿನಲ್ಲಿ ಅವರ ಕೊನೆಯ ತರಗತಿಯ ದಿನ ಗಾಳೆಪ್ಪ ಕರೆಯದೆಯೇ ಬಂದ. ಕೈಯಲ್ಲಿ ಉಳಿ, ಕೊಡತಿ, ಒಂದು ಗಂಟಿನಲ್ಲಿ ಸಾಗವಾನಿಯ ಸಣ್ಣ ಸಣ್ಣ ಹಲಗೆಗಳು. ಪ್ರತಿ ಹಲಗೆಯ ಮೇಲೂ ಮೂರು ಗೀರು ಕೊರೆದಿದ್ದ. ಮಾದರಿಯ ಮುಂದೆ ಕೂತು ಗಂಟು ಬಿಚ್ಚಿ, ತಲೆ ಎತ್ತದೆ ಹೇಳಿದ. "ಮಾಸ್ತರ, ನೀವು ಹೋಗೂ ದಿನ ಐತಿ. ನಿಮ್ಮ ಚಿತ್ರದಾಗ ಇದ್ದಂಗ ನಾಕೂ ಕಡೆ ಮಾಡಿಕೊಡ್ತೀನ್ರಿ. ಸುಳ್ಳಾದ್ರ ಸುಳ್ಳಾಗ್ಲಿ."

ಜೀವಮಾನದಲ್ಲಿ ಒಂದೂ ಸುಳ್ಳು ಜೋಡಣೆ ಮಾಡದ ಕೈ ಅದು. ಮಾಸ್ತರರು ನೆಲದ ಮೇಲೆ ಅವನ ಎದುರಿಗೆ ಕೂತು, ಉಳಿ ಹಿಡಿದ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಬ್ಯಾಡ ಗಾಳೆಪ್ಪ. ಬೋಳ ಇರ್ಲಿ," ಎಂದರು. ಮೂರು ಗೀರಿನ ಆ ಹಲಗೆಗಳನ್ನು ಅವರು ಮನೆಗೆ ಒಯ್ದಿದ್ದಾರೆ. ಮಾದರಿ ಎರಡು ಬೋಳು ಬದಿಗಳೊಡನೆ ತರಗತಿಯಲ್ಲಿಯೇ ಇದೆ, ಹೊಸ ಹುಡುಗರು ಇಲ್ಲಿ ಯಾಕೆ ಇಲ್ಲ ಎಂದು ಕೇಳುತ್ತಾರೆ.

ಸಂತೆಯ ದಿನ ಗಾಳೆಪ್ಪ ಈಗಲೂ ಮಾಸ್ತರರ ಮನೆಯ ಕಟ್ಟೆಗೆ ಬಂದು ಕೂಡುತ್ತಾನೆ. ಮೂಲಿದು ತಿಳೀತೇನ್ರಿ ಎಂದು ಕೇಳುತ್ತಾನೆ. ಇನ್ನೂ ಇಲ್ಲೋ ಎನ್ನುತ್ತಾರೆ ಮಾಸ್ತರರು. ಅಮೃತವ್ವನವರು ಚಹಾ ತರುತ್ತಾರೆ, ಇಬ್ಬರೂ ಸುಣ್ಣದ ತುಂಡಿನಿಂದ ಕಟ್ಟೆಯ ಮೇಲೆ ಒಂದು ಮೂಲೆ ಬರೆದು ಜಗಳಕ್ಕೆ ಬೀಳುತ್ತಾರೆ. ದೇವರು ಪುಂಡಲೀಕಪ್ಪ ಮಾಸ್ತರರಿಗೆ ಆ ಪ್ರಶ್ನೆಗೆ ಉತ್ತರ ಸಿಗುವವರೆಗೂ ಗಟ್ಟಿ ಆಯುಷ್ಯ ಕೊಡಲಿ. ಮತ್ತು ಆ ಉತ್ತರವನ್ನು ತನ್ನ ಹತ್ತಿರವೇ ಇನ್ನೂ ಬಹಳ ವರ್ಷ ಮುಚ್ಚಿಟ್ಟುಕೊಳ್ಳಲಿ.